ಮನೆಯ ಹಿಟ್ಟು, ಬೀದಿಯ ಒಲೆ: ಮೊರಾಕ್ಕೊದ ಖೋಬ್ಜ್



ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಒಬ್ಬ ಪ್ರವಾಸಿ ಬಂದಿದ್ದ. ಹೆಸರು ಇಬ್ನ್ ಬತೂತ. 1304ರಲ್ಲಿ ಮೊರಾಕ್ಕೊ ದೇಶದ ಟ್ಯಾಂಜಿಯರ್ ಪಟ್ಟಣದಲ್ಲಿ ಹುಟ್ಟಿದವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಅವನು ಹೇಳಿರುವುದನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಅದೇ ಪ್ರವಾಸ ಕಥನದಲ್ಲಿ, ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಮಾತಿದೆ. ಹೊನ್ನಾವರದ ಸುಲ್ತಾನನ ಆಶ್ರಯದಲ್ಲಿ ಹನ್ನೊಂದು ತಿಂಗಳು ಇದ್ದೆ, ಅಷ್ಟೂ ಕಾಲ ರೊಟ್ಟಿಯನ್ನೇ ತಿನ್ನಲಿಲ್ಲ, ಇಲ್ಲಿಯವರ ಆಹಾರ ಅನ್ನ ಎಂದು ಅವನು ಬರೆಸಿದ್ದಾನೆ. ತುಪ್ಪ, ಉಪ್ಪಿನಕಾಯಿಗಳ ಸಹಿತ ಬಡಿಸಿದ ಊಟವನ್ನು ವಿವರವಾಗಿಯೇ ವರ್ಣಿಸಿದ್ದಾನೆ, ನಿಜ. ಆದರೆ ಮುಂದೆ ಮಾಲ್ಡೀವ್ಸ್, ಲಂಕೆಗಳ ಕಡೆಯೂ ಅನ್ನವೇ ಆಗಿ, ಕೊನೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯದಂತಾಯಿತಂತೆ. ಮಾತಿನಲ್ಲಿ ಮನೆಯ ನೆನಪು ಕೇಳಿಸುತ್ತದೆ, ಅಲ್ಲವೇ?

ಇಂದಿಗೂ ಮೊರಾಕ್ಕೊದಲ್ಲಿ ಶುಕ್ರವಾರದ ಕುಸ್‌ಕುಸ್ ಒಂದನ್ನು ಬಿಟ್ಟರೆ ರೊಟ್ಟಿಯಿಲ್ಲದ ಊಟ ಅಪರೂಪ. ಅಲ್ಲಿನ ಮನೆಗಳ ದಿನನಿತ್ಯದ ರೊಟ್ಟಿಗೆ ಖೋಬ್ಜ್ ಎಂದು ಹೆಸರು. ಅರಬ್ಬಿಯಲ್ಲಿ ರೊಟ್ಟಿಗಿರುವ ಮಾತೇ ಅದು. ದುಂಡಗೆ, ಊಟದ ತಟ್ಟೆಗಿಂತ ತುಸು ಚಿಕ್ಕದಾಗಿ, ಎರಡು ಬೆರಳಿನಷ್ಟು ದಪ್ಪವಾಗಿರುತ್ತದೆ. ಹೊರಗೆ ಗಟ್ಟಿ ಪದರ, ಒಳಗೆ ಒತ್ತಾದ ಮೃದು ತಿರುಳು. ಅದು ಹಾಗಿರಲು ಕಾರಣವೂ ಇದೆ. ನಡುವೆ ಇಟ್ಟ ಒಂದೇ ಪಾತ್ರೆಯಿಂದ ಮನೆಯವರೆಲ್ಲ ತಿನ್ನುವಾಗ ಚಮಚದ ಕೆಲಸವನ್ನು ರೊಟ್ಟಿಯ ತುಂಡೇ ಮಾಡುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು ಪಲ್ಯವನ್ನೂ ರಸವನ್ನೂ ಒಟ್ಟಿಗೆ ಎತ್ತಬೇಕು. ಅಂಗಡಿಯ ಬ್ರೆಡ್ಡಿನಂಥ ಹತ್ತಿಯ ತಿರುಳು ಅಲ್ಲಿ ನಿಲ್ಲುವುದಿಲ್ಲ.

ಫೆಜ್, ಮರಾಕೆಶ್‌ನಂಥ ಹಳೆಯ ನಗರಗಳಲ್ಲಿ ಪ್ರತಿ ಕೇರಿಗೂ ಒಂದು ಮಸೀದಿ, ಒಂದು ನೀರಿನ ಕಾರಂಜಿ, ಒಂದು ಸ್ನಾನಗೃಹ, ಮಕ್ಕಳ ಒಂದು ಪಾಠಶಾಲೆ, ಒಂದು ಸಾರ್ವಜನಿಕ ಒಲೆ ಇರುವುದು ವಾಡಿಕೆ. ಈ ಒಲೆಗೆ ಫರ್ರಾನ್ ಎನ್ನುತ್ತಾರೆ. ಸೌದೆಯಿಂದ ಕಾಯುವ ದೊಡ್ಡ ಗುಹೆಯಂಥ ಒಲೆ. ಹಿಂದೆ ಮನೆಗಳಲ್ಲಿ ಅಂಥ ಒಲೆಗೆ ಜಾಗವೂ ಇರಲಿಲ್ಲ, ಸೌದೆಯ ಖರ್ಚನ್ನು ಒಂದೊಂದು ಮನೆ ಹೊರುವಂತೆಯೂ ಇರಲಿಲ್ಲ. ಹಾಗಾಗಿ ರೊಟ್ಟಿಯ ಕೆಲಸ ಎರಡು ಪಾಲಾಯಿತು. ಗ್ಸಾ ಎಂಬ ಅಗಲವಾದ ಮಣ್ಣಿನ ಅಥವಾ ಮರದ ಪರಾತದಲ್ಲಿ ಹಿಟ್ಟನ್ನು ನಾದಿ ತಟ್ಟುವುದು ಮನೆಯಲ್ಲಿ, ಬೇಯಿಸುವುದು ಬೀದಿಯಲ್ಲಿ. ತಟ್ಟಿದ ಹಸಿ ರೊಟ್ಟಿಗಳನ್ನು ಹಲಗೆಯ ಮೇಲೆ ಬಟ್ಟೆ ಹಾಸಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಮನೆಯ ಹುಡುಗನೋ ಹುಡುಗಿಯೋ ತಲೆಯ ಮೇಲೆ ಹೊತ್ತು ಓಣಿಗಳಲ್ಲಿ ನಡೆಯಬೇಕು. ನಿಮ್ಮ ವಯಸ್ಸಿನವರ ಕೆಲಸವೇ ಅದು! ಖೋಬ್ಜ್ ಹಿಟ್ಟನ್ನು ತಟ್ಟಿದ ಮೇಲೆ ಒಂದೇ ಸಲ ಉಬ್ಬಲು ಬಿಡುವ ಪದ್ಧತಿ ಈ ನಡಿಗೆಗೆ ಮತ್ತು ಒಲೆಯ ಮುಂದಿನ ಸರದಿಗೆ ಚೆನ್ನಾಗಿ ಹೊಂದಿಕೊಂಡಿದೆ ಎಂದು ನನಗೆ ತೋರುತ್ತದೆ.

ಒಲೆಯವನು ಉದ್ದನೆಯ ಮರದ ಸಲಿಕೆಯಿಂದ ಹತ್ತಾರು ಮನೆಗಳ ರೊಟ್ಟಿಗಳನ್ನು ಒಳಗೆ ಸರಿಸುತ್ತಾನೆ. ಯಾವುದು ಯಾರದ್ದು? ಕೆಲವು ಮನೆಗಳು ರೊಟ್ಟಿಗೆ ಅಚ್ಚು ಒತ್ತುತ್ತಿದ್ದವು. ಅಚ್ಚಿಲ್ಲದಿದ್ದರೂ ಪಳಗಿದ ಒಲೆಯವನು ತಟ್ಟಿದ ರೀತಿ, ಚುಚ್ಚಿದ ತೂತುಗಳ ಸಾಲು, ಹೊದಿಸಿದ ಬಟ್ಟೆ ನೋಡಿಯೇ ಗುರುತು ಹಿಡಿಯುತ್ತಾನೆ. ಗ್ಯಾಸಿನ ಒಲೆಗಳು ಮನೆ ಸೇರಿ, ಬೇಕರಿಗಳು ಹೆಚ್ಚಿದಂತೆ ಫರ್ರಾನ್‌ಗಳು ಕಡಿಮೆಯಾಗುತ್ತ ಬಂದಿವೆ. ಹಬ್ಬದ ಬಿಸ್ಕತ್ತುಗಳ ತಟ್ಟೆಗಳು, ಮೀನು, ಮಾಂಸ ಇವೆಲ್ಲ ಬೇಯಲು ಬರುವುದರಿಂದಲೂ ಉಳಿದವು ಉರಿಯುತ್ತಿವೆ. ಒಂದು ಫರ್ರಾನ್ ಮುಚ್ಚಿದಾಗ ಕೇರಿಯ ಪ್ರತಿಯೊಂದು ಮನೆಯ ಕೈಗುರುತನ್ನೂ ಬಲ್ಲ ಒಬ್ಬ ಮನುಷ್ಯನ ಕಸುಬೂ ಮುಗಿಯುತ್ತದೆ.

ರೊಟ್ಟಿಯ ಮೇಲೆ ಅಲ್ಲಿನವರಿಗೆ ಇರುವ ಗೌರವ ನಮಗೆ ಅನ್ನದ ಮೇಲಿರುವಂಥದೇ. ನೆಲಕ್ಕೆ ಬಿದ್ದ ತುಂಡನ್ನು ಎತ್ತಿ, ಮುತ್ತಿಟ್ಟು, ಯಾರೂ ತುಳಿಯದ ಎತ್ತರದಲ್ಲಿ ಇಡುತ್ತಾರೆ. ಜೂನ್ 1981ರಲ್ಲಿ ಹಿಟ್ಟು ಮೊದಲಾದ ಅವಶ್ಯಕ ವಸ್ತುಗಳ ಬೆಲೆ ಏರಿದಾಗ ಕಾಸಾಬ್ಲಾಂಕಾದ ಜನ ಬೀದಿಗಿಳಿದರು, ಅನೇಕರು ಪ್ರಾಣ ಕಳೆದುಕೊಂಡರು. ಇತಿಹಾಸ ಅದನ್ನು ರೊಟ್ಟಿಯ ದಂಗೆ ಎಂದೇ ಕರೆಯುತ್ತದೆ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಕಾಲು ಕಿಲೋ ಮೈದಾ, ಕಾಲು ಕಿಲೋ ಸಣ್ಣ ರವೆ ತೆಗೆದುಕೊಳ್ಳಿ. ಮೊರಾಕ್ಕೊದ ರವೆ ಡ್ಯೂರಮ್ ಎಂಬ ಗಡಸು ಗೋಧಿಯದು. ನಮ್ಮಲ್ಲಿ ಬನ್ಸಿ ರವೆ ಅದೇ ಜಾತಿಯದು, ನುಣ್ಣಗಿನದು ಸಿಕ್ಕರೆ ಒಳ್ಳೆಯದು. ಇದಕ್ಕೆ ಒಂದೂವರೆ ಚಹಾ ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಎರಡು ಚಮಚ ಒಣ ಯೀಸ್ಟ್, ಎರಡು ದೊಡ್ಡ ಚಮಚ ಎಣ್ಣೆ. ಬೇಕಿದ್ದರೆ ಸ್ವಲ್ಪ ಸೋಂಪು ಅಥವಾ ಎಳ್ಳು. ನೀರು ಸುಮಾರು 300 ಮಿಲಿಲೀಟರ್, ಉಗುರು ಬೆಚ್ಚಗೆ. ಹಿಟ್ಟು ಎಷ್ಟು ನೀರು ಕುಡಿಯುತ್ತದೆ ಎಂಬುದು ಹಿಟ್ಟಿನಿಂದ ಹಿಟ್ಟಿಗೆ ಬೇರೆ. ಹಾಗಾಗಿ ಒಮ್ಮೆಲೇ ಸುರಿಯಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಜೋಳದ ರೊಟ್ಟಿ ಬಲ್ಲ ಮನೆಗಳಲ್ಲಿ ಕೈ ತಾನಾಗಿಯೇ ಕುದಿಯುವ ಎಸರಿನ ಕಡೆ ಹೋಗುತ್ತದೆ. ಜೋಳದಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇಲ್ಲ. ಆದ್ದರಿಂದ ಬಿಸಿನೀರಿನಲ್ಲಿ ಪಿಷ್ಟವನ್ನೇ ಅರೆಬೇಯಿಸಿ ಜಿಗುಟು ಬರಿಸಬೇಕಾಗುತ್ತದೆ. ಗೋಧಿಗೆ ಅದು ಬೇಕಿಲ್ಲ. ನೀರು ಬಿದ್ದು ನಾದಿದೊಡನೆ ಗ್ಲಯಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಕೂಡಿ ಎಳೆಎಳೆಯಾದ ಬಲೆಯನ್ನು ಹೆಣೆಯುತ್ತವೆ. ಯೀಸ್ಟ್ ಎಂಬುದು ಜೀವವಿರುವ ಏಕಕೋಶದ ಶಿಲೀಂಧ್ರ. ಸಕ್ಕರೆ ತಿಂದು ಇಂಗಾಲದ ಡೈ ಆಕ್ಸೈಡನ್ನೂ ಆಲ್ಕೊಹಾಲನ್ನೂ ಬಿಡುತ್ತದೆ. ಅನಿಲ ಆ ಬಲೆಯಲ್ಲಿ ಸಿಕ್ಕಿ ಹಿಟ್ಟು ಉಬ್ಬುತ್ತದೆ. 55-60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯೀಸ್ಟ್ ಸಾಯುತ್ತದೆ. ಎಸರು ಹಾಕಿದಿರೋ, ಸಂಜೆಯವರೆಗೆ ಕಾದರೂ ಹಿಟ್ಟು ಮೇಲೇಳದು.

ಹತ್ತು ನಿಮಿಷ ಚೆನ್ನಾಗಿ ನಾದಿ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ, ಮತ್ತೆ ತಳ್ಳಿ. ಮೊದಲು ಕೈಗೆ ಹತ್ತುವ ಹಿಟ್ಟು ಆಮೇಲೆ ಕಿವಿಯ ಹಾಲೆಯಷ್ಟು ಮೆತ್ತಗಾಗುತ್ತದೆ. ಎರಡು ಉಂಡೆ ಮಾಡಿ ಹತ್ತು ನಿಮಿಷ ಮುಚ್ಚಿಡಿ, ಎಳೆಗಳು ಸಡಿಲವಾಗಲಿ. ಆಮೇಲೆ ಅಂಗೈಯಿಂದ ಅರ್ಧ ಅಂಗುಲಕ್ಕಿಂತ ತೆಳ್ಳಗೆ ದುಂಡಗೆ ತಟ್ಟಿ, ರವೆ ಉದುರಿಸಿದ ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ ಉಬ್ಬಲು ಬಿಡಿ.

ಎಷ್ಟು ಹೊತ್ತು? ಪುಸ್ತಕಗಳು ಒಂದು ಗಂಟೆ ಎನ್ನುತ್ತವೆ. ನಾನೂ ಅದನ್ನೇ ನಂಬಿದ್ದೆ. ಒಮ್ಮೆ ಚಿತ್ರೀಕರಣಕ್ಕಾಗಿ ಬೆಳಿಗ್ಗೆಯೇ ಹಿಟ್ಟು ತಟ್ಟಿ, ಗಡಿಯಾರ ನೋಡಿ, ಮೇಜಿನ ಮೇಲೆ ಇಡಿಸಿದೆ. ಸ್ಟುಡಿಯೋದ ಹಳೆಯ ದೀಪಗಳು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುವಂಥವು. ಧ್ವನಿಯ ತೊಂದರೆ ಸರಿಪಡಿಸುವಷ್ಟರಲ್ಲಿ ರೊಟ್ಟಿಗಳು ಉಬ್ಬಿ, ನಡುವೆ ಕುಸಿದು, ಹುಳಿವಾಸನೆ ಬೀರುತ್ತಿದ್ದವು. ವಿಜ್ಞಾನ ಓದಿದವನು ನಾನು. ಉಷ್ಣತೆ ಏರಿದರೆ ಹುದುಗುವಿಕೆಯ ವೇಗ ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು! ಮೈಸೂರಿನ ಡಿಸೆಂಬರಿನಲ್ಲಿ ಒಂದೂವರೆ ಗಂಟೆ ಬೇಕಾದುದಕ್ಕೆ ರಾಯಚೂರಿನ ಏಪ್ರಿಲ್‌ನಲ್ಲಿ ಅರ್ಧ ಗಂಟೆ ಸಾಕಾದೀತು. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ಥಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು, ನಿಧಾನವಾಗಿ ತುಂಬಿಕೊಂಡರೆ ಸಮಯವಾಯಿತು, ಹಾಗೇ ಉಳಿದರೆ ಹೊತ್ತು ಮೀರಿತು.

ಓವನ್ ಇರುವವರು 220 ಡಿಗ್ರಿಗೆ ಮೊದಲೇ ಕಾಯಿಸಿ, ರೊಟ್ಟಿಯನ್ನು ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಿ, ಸುಮಾರು 20 ನಿಮಿಷ ಬೇಯಿಸಿ. ಮೇಲಿನ ಕಂದುಬಣ್ಣ ಮತ್ತು ಪರಿಮಳ ಸಕ್ಕರೆಗಳೂ ಅಮೈನೊ ಆಮ್ಲಗಳೂ ಶಾಖದಲ್ಲಿ ಕೂಡುವುದರಿಂದ ಬರುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಯಾರ್. ಮೊರಾಕ್ಕೊ ಫ್ರಾನ್ಸಿನ ರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ, ಬರಿಯ ಕಾಕತಾಳೀಯ. ಬೆಂದ ರೊಟ್ಟಿಯನ್ನು ತಿರುವಿ ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಓವನ್ ಇಲ್ಲವೇ? ಚಿಂತೆ ಬೇಡ. ಮೊರಾಕ್ಕೊದ ಎಲ್ಲ ರೊಟ್ಟಿಯೂ ಫರ್ರಾನಿಗೆ ಹೋಗುವುದಿಲ್ಲ. ಬತ್ಬೂತ್ ಎಂಬುದು ಇದೇ ಬಗೆಯ ಹಿಟ್ಟಿನಿಂದ ಕಾವಲಿಯ ಮೇಲೆ ಆಗುವ ರೊಟ್ಟಿ. ಹಿಟ್ಟನ್ನು ಹತ್ತು ಹನ್ನೆರಡು ಉಂಡೆ ಮಾಡಿ, ಚಪಾತಿಗಿಂತ ದಪ್ಪಗೆ ತಟ್ಟಿ, ಉಬ್ಬಿದ ಮೇಲೆ ಚುಚ್ಚದೆ ಮಧ್ಯಮ ಉರಿಯಲ್ಲಿ ಕಾವಲಿಗೆ ಹಾಕಿ. ಎಣ್ಣೆ ಬೇಡ. ನಾಲ್ಕಾರು ಬಾರಿ ತಿರುವುತ್ತಿದ್ದರೆ ಒಳಗಿನ ನೀರು ಆವಿಯಾಗಿ ಪೂರಿಯಂತೆ ಊದಿಕೊಳ್ಳುತ್ತದೆ. ಮೊದಲ ಸಲ ಹಿರಿಯರೊಬ್ಬರು ಪಕ್ಕದಲ್ಲಿರಲಿ, ಆ ಆವಿ ಕೈ ಸುಡುತ್ತದೆ. ಆಲಿವ್ ಎಣ್ಣೆ ಅಥವಾ ಜೇನಿನೊಂದಿಗೆ ತಿನ್ನುವುದು ಅಲ್ಲಿನ ಬೆಳಗಿನ ರೂಢಿ.

ಇನ್ನೊಂದು ಮಾತು. ತಟ್ಟುವ ಮೊದಲು ನಿಂಬೆಹಣ್ಣಿನಷ್ಟು ಹಿಟ್ಟನ್ನು ತೆಗೆದು ಮುಚ್ಚಿಡಿ. ಪೊಟ್ಟಣದ ಯೀಸ್ಟ್ ಬರುವ ಮುಂಚೆ ಮೊರಾಕ್ಕೊದ ಮನೆಗಳಲ್ಲಿ ಇಂದಿನ ಹಿಟ್ಟೇ ನಾಳೆಯ ಹಿಟ್ಟಿಗೆ ಹೆಪ್ಪು. ಖ್ಮೀರಾ ಬೆಲ್ದಿಯಾ, ಅಂದರೆ ನಾಡು ಹುಳಿ, ಎಂದು ಅದನ್ನು ಕರೆಯುತ್ತಾರೆ. ನಾಳೆ ಅದನ್ನು ಬೆಚ್ಚಗಿನ ನೀರಿನಲ್ಲಿ ಕದಡಿ, ಪೊಟ್ಟಣದ ಯೀಸ್ಟನ್ನು ಅರ್ಧಕ್ಕೆ ಇಳಿಸಿ ಮಾಡಿ ನೋಡಿ. ಉಬ್ಬಲು ಹೆಚ್ಚು ಹೊತ್ತು ಹಿಡಿದೀತು, ರುಚಿಯೂ ಬೇರೆಯಾದೀತು.