ಹಿಮ್ಮಡಿಗೆ ಮೊದಲು ನೀರು



ಹಿಮ್ಮಡಿ ಒಡೆದವರ ಪಾಡು ಪಟ್ಟವರಿಗೇ ಗೊತ್ತು. ಮಾಗಿಯ ಚಳಿಯಲ್ಲಿ ಕಂಬಳಿಯ ಎಳೆ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಬೆಳಗ್ಗೆ ನೆಲಕ್ಕೆ ಕಾಲೂರಿದರೆ ಜೀವ ಹಿಂಡುತ್ತದೆ. ಆದರೂ ಇದಕ್ಕೆಂದೇ ವೈದ್ಯರ ಬಳಿ ಹೋಗುವವರು ಕಡಿಮೆ.

ಸುಶ್ರುತ ಸಂಹಿತೆ ಇದನ್ನು ಕಡೆಗಣಿಸಿಲ್ಲ. ಕ್ಷುದ್ರರೋಗಗಳ ಸಾಲಿನಲ್ಲಿ ‘ಪಾದದಾರಿ’ಯನ್ನೂ ಸೇರಿಸಿ, ಸದಾ ತಿರುಗಾಡುವವರ ಒಣಗಿದ ಅಂಗಾಲನ್ನು ವಾತ ಸೀಳುತ್ತದೆ ಎನ್ನುತ್ತದೆ. ವಾತದ ಮಾತು ಹಾಗಿರಲಿ, ನಡಿಗೆಯನ್ನೂ ಒಣಕಲನ್ನೂ ಸರಿಯಾಗಿಯೇ ಹಿಡಿದಿದೆ. ಚಿಕಿತ್ಸೆಯೋ, ರಕ್ತ ತೆಗೆದು, ಶಾಖ ಕೊಟ್ಟು, ಎಣ್ಣೆ ತಿಕ್ಕಿ, ಆಮೇಲೆ ಜೇನುಮೇಣ, ಕೊಬ್ಬು, ಮಜ್ಜೆ, ತುಪ್ಪ, ರಾಳ, ಯವಕ್ಷಾರ, ಕಾವಿಮಣ್ಣು ಕಲಸಿದ ಲೇಪ. ಆ ಜೇನುಮೇಣ ಇವತ್ತಿನ ಕ್ರೀಮುಗಳಲ್ಲೂ ಇದೆ. ಕಾಲಿನ ಆಣಿಗೆ ಮಾತ್ರ ಉಗ್ರ ಉಪಚಾರ: ಕೊರೆದು ತೆಗೆದು, ಕಾದ ಎಣ್ಣೆಯಿಂದ ಸುಡುವುದು!

ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ಜಿಡ್ಡಿನ ಗ್ರಂಥಿಗಳಿಲ್ಲ. ದಪ್ಪಗಟ್ಟಿ ಒಣಗಿದ ಚರ್ಮ ಮೈಭಾರಕ್ಕೆ ಹಿಗ್ಗಲಾರದೆ ಸೀಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಉನ್ನಾ ಈ ದಡ್ಡು ಚರ್ಮದ ಮೇಲೆ ಸ್ಯಾಲಿಸಿಲಿಕ್ ಆಮ್ಲ ಪ್ರಯೋಗಿಸಿದ. ಅದು ಸತ್ತ ಜೀವಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಕಾರ್ನ್ ಕ್ಯಾಪ್ ಆ ವಂಶದ್ದೇ.

ನನಗೆ ಹೆಚ್ಚು ಇಷ್ಟವಾದದ್ದು 1952ರ ಒಂದು ಪ್ರಯೋಗ. ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಒಣಗಿದ ದಡ್ಡು ಚರ್ಮದ ಚೂರುಗಳನ್ನು ಎಣ್ಣೆ, ಜಿಡ್ಡುಗಳಲ್ಲಿ ನೆನೆಹಾಕಿದ. ಅವು ಸೆಟೆದುಕೊಂಡೇ ಇದ್ದವು. ನೀರು ತಾಗಿದಾಗಲೇ ಮೆತ್ತಗಾದದ್ದು. ಅಂದರೆ ಮೆದುಮಾಡುವುದು ನೀರು. ಎಣ್ಣೆಯದು ಆ ನೀರು ಆರದಂತೆ ತಡೆಯುವ ಕಾವಲು ಕೆಲಸ. ಸ್ನಾನವಾದ ಮೇಲೆ ಒದ್ದೆ ಹಿಮ್ಮಡಿಯನ್ನು ಬಚ್ಚಲ ಕಲ್ಲಿಗೆ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದ ಅಜ್ಜಿಯರು ಯಾವ ಪತ್ರಿಕೆಯನ್ನೂ ಓದಿರಲಿಲ್ಲ ಬಿಡಿ. ಈಗಿನ ಯೂರಿಯಾ ಮುಲಾಮು ಎರಡು ಕೆಲಸ ಮಾಡುತ್ತದೆ: ಶೇಕಡ 10ರ ಪ್ರಮಾಣದಲ್ಲಿ ನೀರನ್ನು ಹಿಡಿದಿಡುತ್ತದೆ, ಶೇಕಡ 40ರಲ್ಲಿ ದಡ್ಡನ್ನೇ ಕರಗಿಸುತ್ತದೆ.

ನೋವೇ ಗೊತ್ತಾಗದ ಕಾಲಿನ ಕಥೆ ಬೇರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಗಮನಿಸಿದರು. ನರ ಸತ್ತರೆ ಸ್ಪರ್ಶವಷ್ಟೇ ಅಲ್ಲ, ಬೆವರೂ ನಿಲ್ಲುತ್ತದೆ; ಪಾದ ಒಣಗಿ ಬಿರಿಯುತ್ತದೆ, ಕೀವಾದರೂ ಅರಿವಾಗುವುದಿಲ್ಲ. ಈ ರೋಗಿಗಳಿಗೆ ಮೆತ್ತನೆಯ ರಬ್ಬರಿನ ಪಾದರಕ್ಷೆ ಬಂತು. ದಿನವೂ ಕಾಲು ನೆನೆಸಿ, ದಡ್ಡು ತಿಕ್ಕಿ, ಎಣ್ಣೆ ಹಚ್ಚುವ ಅಭ್ಯಾಸವನ್ನು ಕುಷ್ಠರೋಗದ ಆಸ್ಪತ್ರೆಗಳು ಇಂದಿಗೂ ಕಲಿಸುತ್ತವೆ.

ಸಕ್ಕರೆ ಕಾಯಿಲೆಯವರ ನರಗಳೂ ಹೀಗೇ ಮಂಕಾಗುತ್ತವೆ. ಆದರೆ ಅವರಿಗೆ ಹೊತ್ತುಗಟ್ಟಲೆ ಕಾಲು ನೆನೆಸುವುದು ಬೇಡ ಎನ್ನುತ್ತಾರೆ ವೈದ್ಯರು. ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಹಿಮ್ಮಡಿಗಷ್ಟೇ ಮುಲಾಮು ಹಚ್ಚಬೇಕು. ಬ್ಲೇಡು, ಕಾರ್ನ್ ಕ್ಯಾಪ್ ಎರಡನ್ನೂ ಮುಟ್ಟಬಾರದು. ಬಿರುಕಿನಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.