ವೀಸಾ ಅರ್ಜಿಗೆ ಎಚ್‌ಐವಿ ಅಡ್ಡಿಯೇ?



ವಿದೇಶದಲ್ಲಿ ಓದುವ ಬಗ್ಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾತಾಡಿದ ಮೇಲೆ ಕಾಗದಗಳು ಸಾಕಷ್ಟು ಬಂದವು. ಬ್ಯಾಂಕ್ ಸಾಲ, ಇಂಗ್ಲಿಷ್ ಪರೀಕ್ಷೆ, ಅಲ್ಲಿ ಸೋನಾ ಮಸೂರಿ ಅಕ್ಕಿ ಸಿಗುತ್ತದೆಯೇ ಎಂಬಲ್ಲಿಯವರೆಗೆ! ಎರಡು ಕಾಗದಗಳನ್ನು ಮಾತ್ರ ನಾನು ಓದಲಿಲ್ಲ. ಎರಡರ ಕೊನೆಯಲ್ಲೂ ‘ದಯವಿಟ್ಟು ರೇಡಿಯೋದಲ್ಲಿ ಓದಬೇಡಿ’ ಎಂದಿತ್ತು. ಹಾಗಾಗಿ ಕಾಗದ ಬಿಟ್ಟು ಉತ್ತರವನ್ನಷ್ಟೇ ಹೇಳಿದೆ. ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಹಲವರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇನೆ. ಊರಿನ ಹೆಸರು ಬಿಟ್ಟು ಉಳಿದ ಗುರುತುಗಳನ್ನು ಬದಲಿಸಿದ್ದೇನೆ.

ಒಂದು ಕಾಗದ ಡೊಂಬಿವಲಿಯ ಕೇಳುಗರೊಬ್ಬರದು. ಅವರ ಅಣ್ಣನ ಸಂಸಾರ ನಾಸಿಕ್‌ನಲ್ಲಿದೆ, ಓಝರ್‌ನ ಎಚ್‌ಎಎಲ್ ಕಡೆ. ಅಣ್ಣನ ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಜರ್ಮನಿಯಲ್ಲಿ ಎಂ.ಎಸ್.ಗೆ ಸೀಟು ಸಿಕ್ಕಿದೆ. ಇನ್ನೊಂದು ಛತ್ರಪತಿ ಸಂಭಾಜಿನಗರದಿಂದ, ಅಂದರೆ 2023ರವರೆಗೆ ಔರಂಗಾಬಾದ್ ಎನ್ನುತ್ತಿದ್ದ ಊರಿನಿಂದ. ಅಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ತಂದೆಯೊಬ್ಬರು ಬರೆದಿದ್ದರು. ಮಗಳಿಗೆ ರಷ್ಯಾದಲ್ಲಿ ಎಂಬಿಬಿಎಸ್ ಓದುವ ಆಸೆ, ಏಜೆಂಟರಿಗೆ ಮುಂಗಡ ಕೊಡುವುದೊಂದೇ ಬಾಕಿ. ಇಬ್ಬರಿಗೂ ಹುಟ್ಟಿನಿಂದ ಎಚ್‌ಐವಿ ಇದೆ. ಅವನು ನಾಸಿಕ್‌ನ ಸಿವಿಲ್ ಆಸ್ಪತ್ರೆಯಲ್ಲಿ, ಅವಳು ಊರವರೆಲ್ಲ ‘ಘಾಟಿ’ ಎನ್ನುವ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮಾತ್ರೆ ಪಡೆಯುತ್ತಾರೆ.

ಮಧ್ಯೆ ಒಂದು ಮಾತು. ನಾನು ಕನ್ನಡ ಬಿ.ಎ. ಓದಿದವಳು, ಪದಗಳ ಬಗ್ಗೆ ನನಗೆ ಸ್ವಲ್ಪ ಹಟ. ಈ ಮಕ್ಕಳನ್ನು ‘ಏಡ್ಸ್ ರೋಗಿಗಳು’ ಎಂದು ದಯವಿಟ್ಟು ಕರೆಯಬೇಡಿ. ಎಚ್‌ಐವಿ ಎಂದರೆ ವೈರಸ್. ಚಿಕಿತ್ಸೆ ಇಲ್ಲದೆ ಅದು ಮೈಯನ್ನು ಸೋಲಿಸಿದ ಕೊನೆಯ ಹಂತಕ್ಕೆ ಏಡ್ಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಔಷಧಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ. ಮೊದಲ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿ ನಿಂತರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ. ಅಂಥವರು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ. ವಿಮಾನ ಹತ್ತುವುದೇನು ದೊಡ್ಡದು?

ಆದರೆ ವೀಸಾ ಎನ್ನುವುದು ಒಂದೇ ಬಾಗಿಲಲ್ಲ ನೋಡಿ. ನೂರಾರು ಬಾಗಿಲು, ಒಂದೊಂದಕ್ಕೂ ಒಂದೊಂದು ಬೀಗ. ಡೊಂಬಿವಲಿಯವರ ಪ್ರಶ್ನೆಗೆ ನನ್ನ ಉತ್ತರ ‘ಹೋಗಬಹುದು’. ಸಂಭಾಜಿನಗರದವರಿಗೆ ‘ಮುಂಗಡ ಕೊಡಬೇಡಿ’. ವೈರಸ್ ಅದೇ, ಆರೋಗ್ಯವೂ ಹೆಚ್ಚುಕಡಿಮೆ ಅಷ್ಟೇ. ಬೇರೆ ಇರುವುದು ಆರಿಸಿಕೊಂಡ ದೇಶ ಮಾತ್ರ.

ಅಮೆರಿಕದ ಕಥೆಯನ್ನೇ ಕೇಳಿ. ಎಚ್‌ಐವಿ ಇದ್ದವರು ಒಳಗೆ ಬರುವಂತಿಲ್ಲ ಎಂದು 1987ರಲ್ಲಿ ಅಲ್ಲಿ ನಿಯಮ ಬಂತು. 1989ರ ಏಪ್ರಿಲ್‌ನಲ್ಲಿ ಹ್ಯಾನ್ಸ್ ಪಾಲ್ ವೆರ್ಹೂಫ್ ಎಂಬ ಡಚ್ ಪ್ರಜೆ ಸ್ಯಾನ್‌ಫ್ರಾನ್ಸಿಸ್ಕೋದ ಸಮ್ಮೇಳನಕ್ಕೆಂದು ಹೊರಟಿದ್ದರು. ಮಿನ್ನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಅವರ ಪೆಟ್ಟಿಗೆಯಲ್ಲಿ ಎಜಡ್‌ಟಿ ಔಷಧಿ ಸಿಕ್ಕಿತು. ಅಷ್ಟಕ್ಕೇ ಕೆಲವು ದಿನ ಜೈಲು! ಇದನ್ನು ಪ್ರತಿಭಟಿಸಿ 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನು ಬಾಸ್ಟನ್‌ನಿಂದ ಎತ್ತಿ ಆಮ್‌ಸ್ಟರ್‌ಡ್ಯಾಮ್‌ಗೆ ಒಯ್ದರು. ಅಮೆರಿಕ ಜಗ್ಗಲಿಲ್ಲ, 1993ರಲ್ಲಿ ನಿಷೇಧವನ್ನು ಕಾನೂನಾಗಿಯೇ ಬರೆದುಕೊಂಡಿತು. 2008ರಲ್ಲಿ ಆ ಕಾನೂನನ್ನು ತೆಗೆದುಹಾಕಿದರು, 2010ರ ಜನವರಿ 4ರಿಂದ ನಿಯಮವೂ ಹೋಯಿತು. ಇಪ್ಪತ್ತೆರಡು ವರ್ಷ ಹಿಡಿಯಿತು.

ಈಗ ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಇಲ್ಲ. ಅರ್ಜಿಯಲ್ಲಿ ಮಾತ್ರ ಒಂದು ಪ್ರಶ್ನೆ ಇದೆ, ಹುಡುಗರು ತಡವರಿಸುವುದು ಅಲ್ಲೇ. ‘ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಮಹತ್ವದ ಸಾಂಕ್ರಾಮಿಕ ರೋಗ ನಿಮಗಿದೆಯೇ?’ ಎಂಬ ಅರ್ಥದ ಪ್ರಶ್ನೆ. ಈ ಮಾತಿಗೆ ಅಲ್ಲಿನ ಕಾನೂನಿನಲ್ಲಿ ಒಂದು ಪಟ್ಟಿ ಇದೆ, ಆ ಪಟ್ಟಿಯಿಂದ ಎಚ್‌ಐವಿಯನ್ನು 2010ರಲ್ಲೇ ತೆಗೆದಿದ್ದಾರೆ. ಆದ್ದರಿಂದ ಎಚ್‌ಐವಿ ಮಾತ್ರ ಇರುವವರು ‘ಇಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ. ನನಗೆ ತಿಳಿದ ಮಟ್ಟಿಗೆ ಇದೇ ಸೂತ್ರ ಎಲ್ಲ ಕಡೆಗೂ ಸರಿ: ಕೇಳದ್ದನ್ನು ತಾನಾಗಿ ಹೇಳಬೇಕಿಲ್ಲ, ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಸುಳ್ಳು ಬರೆದು ಸಿಕ್ಕಿಬಿದ್ದರೆ ವೀಸಾ ಹೋಗುವುದು ಸುಳ್ಳಿನ ಕಾರಣಕ್ಕೆ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೂ ಎಚ್‌ಐವಿ ಪರೀಕ್ಷೆ ಕೇಳುವುದಿಲ್ಲ. ಕೇಳುವುದು ಆರೋಗ್ಯ ವಿಮೆಯನ್ನು. ನಾಸಿಕ್‌ನ ಹುಡುಗ ಗಮನ ಕೊಡಬೇಕಾದದ್ದು ಇಲ್ಲಿ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿ ಕಾಲೇಜಿಗೆ ದಾಖಲಾದರೆ ಅಲ್ಲಿನ ಸಾರ್ವಜನಿಕ ವಿಮೆ ಅವನನ್ನು ಸೇರಿಸಿಕೊಳ್ಳಲೇಬೇಕು, ‘ನಿನಗೆ ಮೊದಲೇ ಕಾಯಿಲೆ ಇತ್ತು’ ಎನ್ನುವಂತಿಲ್ಲ, ಎಚ್‌ಐವಿ ಔಷಧಿಯೂ ಅದರಲ್ಲೇ ಬರುತ್ತದೆ. ಆದರೆ ವೀಸಾಕ್ಕೆಂದು ಇಲ್ಲಿ ಕೊಳ್ಳುವ ಅಗ್ಗದ ಪ್ರವಾಸ ವಿಮೆ ಹಾಗಲ್ಲ, ಹಳೆಯ ಕಾಯಿಲೆಗೆ ಅದು ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ. ವಿಮಾನ ಇಳಿದ ದಿನಕ್ಕೂ ವಿಮೆ ಕೈಗೆ ಬರುವ ದಿನಕ್ಕೂ ನಡುವೆ ವಾರಗಳೇ ಕಳೆಯಬಹುದು. ಆ ವಾರಗಳಿಗೆ ಮಾತ್ರೆ ಜೊತೆಯಲ್ಲೇ ಇರಬೇಕು.

ಬ್ರಿಟನ್ ಕೇಳುವುದು ಕ್ಷಯ ರೋಗದ ಪರೀಕ್ಷೆ, ಎಚ್‌ಐವಿಯದಲ್ಲ. ಹಿಂದೆ ಟಿಬಿ ಆಗಿ ವಾಸಿಯಾಗಿದ್ದರೆ ಆ ಚಿಕಿತ್ಸೆ ಮುಗಿಸಿದ ಕಾಗದ ಇಟ್ಟುಕೊಂಡು ಹೋಗಿ. ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಕಡಿಮೆಯೇನಲ್ಲ. ಎಚ್‌ಐವಿ ಚಿಕಿತ್ಸೆ ಮಾತ್ರ ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ ಯಾವ ದೇಶದವರಿಗಾದರೂ ಉಚಿತ. ಕೆನಡಾ ಸ್ವಲ್ಪ ಬೇರೆ. ನಮ್ಮ ದೇಶದಿಂದ ಆರು ತಿಂಗಳಿಗೂ ಹೆಚ್ಚು ಕಾಲಕ್ಕೆ ಹೋಗುವವರಿಗೆ ಅವರು ನೇಮಿಸಿದ ಡಾಕ್ಟರಿಂದ ತಪಾಸಣೆ ಆಗಬೇಕು, ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಉಂಟು. ಪಾಸಿಟಿವ್ ಎಂದು ಬಂದ ಮಾತ್ರಕ್ಕೆ ತಿರಸ್ಕಾರ ಇಲ್ಲ. ನಿಮ್ಮ ಚಿಕಿತ್ಸೆಯಿಂದ ಅವರ ಬೊಕ್ಕಸಕ್ಕೆ ಮಿತಿ ಮೀರಿದ ಖರ್ಚು ಬೀಳುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. ಆ ಮಿತಿಯನ್ನು 2018ರಲ್ಲಿ ಮೂರು ಪಟ್ಟು ಏರಿಸಿದ್ದಾರೆ. ನ್ಯೂಜಿಲೆಂಡ್ 2021ರ ಅಕ್ಟೋಬರ್‌ನಲ್ಲಿ ಎಚ್‌ಐವಿಯನ್ನು ತನ್ನ ದುಬಾರಿ ಕಾಯಿಲೆಗಳ ಪಟ್ಟಿಯಿಂದಲೇ ಕೈಬಿಟ್ಟಿತು.

ಇನ್ನು ಮುಚ್ಚಿದ ಬಾಗಿಲುಗಳು. ರಷ್ಯಾದಲ್ಲಿ 1995ರ ಕಾನೂನು ಇವತ್ತಿಗೂ ಇದೆ. ಮೂರು ತಿಂಗಳಿಗಿಂತ ಹೆಚ್ಚು ಇರುವ ವೀಸಾಕ್ಕೆ ಎಚ್‌ಐವಿ ಇಲ್ಲವೆಂಬ ಸರ್ಟಿಫಿಕೇಟ್ ಬೇಕು, ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ದೇಶ ಬಿಡಿಸುತ್ತಾರೆ. ಯುಎಇಯಲ್ಲಿ ವಾಸದ ಪರವಾನಗಿಗೆ ಇದೇ ಪರೀಕ್ಷೆ ಇದೆ. ಮಲೇಷ್ಯಾ ಮತ್ತು ಸಿಂಗಪುರ ಕೂಡ ವಿದ್ಯಾರ್ಥಿಗಳ ರಕ್ತ ನೋಡುತ್ತವೆ. ಸಿಂಗಪುರ 2015ರಲ್ಲಿ ಸಡಿಲಿಸಿದ್ದು ನಾಲ್ಕು ದಿನ ತಿರುಗಾಡಲು ಬರುವವರಿಗೆ, ಓದಲು ಬರುವವರಿಗಲ್ಲ.

ಸಂಭಾಜಿನಗರದ ತಂದೆಗೆ ಏಜೆಂಟರು ಏನು ಹೇಳಿದ್ದಾರೆ ಗೊತ್ತೇ? ‘ಅಣ್ಣಾ, ಚಿಂತೆ ಬೇಡ, ಸರ್ಟಿಫಿಕೇಟ್ ನಾವು ಮಾಡಿಸುತ್ತೇವೆ.’ ಕಾಗದದ ಈ ಸಾಲು ಓದಿ ನನಗೆ ಮೈ ಉರಿಯಿತು. 2021ರ ಕೊನೆಯಿಂದ ರಷ್ಯಾದಲ್ಲಿ ದೀರ್ಘಕಾಲ ಇರುವ ವಿದೇಶಿಯರಿಗೆ ಅಲ್ಲಿಗೆ ಹೋದ ಮೇಲೆ ಇನ್ನೊಮ್ಮೆ ತಪಾಸಣೆ ಕಡ್ಡಾಯವಾಗಿದೆ. ಮುಂಬಯಿಯ ಸುಳ್ಳು ಕಾಗದ ಅಲ್ಲಿ ಎಷ್ಟು ದಿನ ನಿಂತೀತು? ಹುಡುಗಿ ವಾಪಸು ಬರುತ್ತಾಳೆ, ಫೀಸು ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಗುಟ್ಟು ಕಾಯಲು ಅವಳು ಮಾತ್ರೆಯನ್ನೇ ನಿಲ್ಲಿಸಬಹುದು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ವೈರಸ್ ತಲೆ ಎತ್ತುತ್ತದೆ, ಈಗ ನಾಟುತ್ತಿರುವ ಔಷಧಿ ಮುಂದೆ ನಾಟದೆಯೂ ಹೋಗಬಹುದು. ಡಾಕ್ಟರಾಗಲು ಹೊರಟ ಹುಡುಗಿ ಹಾಸಿಗೆ ಹಿಡಿಯುವ ದಾರಿ ಅದು.

ಹಾಗಾದರೆ ಅವಳ ಆಸೆ? ಹೊರದೇಶದ ಎಂಬಿಬಿಎಸ್‌ಗೂ ನೀಟ್ ಪಾಸಾಗಲೇಬೇಕು. ಆ ಅಂಕ ಹಿಡಿದು ಇಲ್ಲಿನ ಬಾಗಿಲನ್ನೂ ತಟ್ಟಲಿ. ನಮ್ಮ 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಲೇಜಿಗೆ ಸೇರಲು, ಓದು ಮುಂದುವರಿಸಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದನ್ನು ಅದು ನಿಷೇಧಿಸುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ದೂರು ಕೇಳಲು ರಾಜ್ಯಗಳು ಒಂಬುಡ್ಸ್‌ಮನ್ ನೇಮಿಸಬೇಕು ಎಂದೂ ಅದರಲ್ಲಿದೆ. ಪರದೇಶದ ವೀಸಾ ನಿಯಮದ ಮೇಲೆ ಈ ಕಾಯಿದೆಯ ಕೈ ನಡೆಯದು, ನಿಜ. ಆದರೆ ಏಜೆಂಟರು, ಕಾಲೇಜಿನ ಗುಮಾಸ್ತರು, ಲ್ಯಾಬಿನವರು ಎಲ್ಲರೂ ಅದರ ಅಡಿಯಲ್ಲೇ ಬರುತ್ತಾರೆ.

ಈ ಕಾಯಿದೆ ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯಲ್ಲಿ ಒಬ್ಬ ದಿನಗೂಲಿ ಕಾರ್ಮಿಕರನ್ನು ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಕಂಡಿತೆಂದು ಸಾರ್ವಜನಿಕ ಸಂಸ್ಥೆಯೊಂದು ಕೆಲಸದಿಂದ ತೆಗೆಯಿತು. ಅವರು ಹೈಕೋರ್ಟಿಗೆ ಹೋದರು. ಹೆಸರು ಬಯಲಾಗದಿರಲಿ ಎಂದು ಕೋರ್ಟು ಅವರನ್ನು ‘ಎಂಎಕ್ಸ್’ ಎಂದೇ ಕರೆಯಿತು. ಕೆಲಸ ಮಾಡಲು ಮೈಯಲ್ಲಿ ಶಕ್ತಿ ಇರುವಾಗ ವೈರಸ್ ಇದೆ ಎಂಬ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ ಎಂದು 1997ರಲ್ಲಿ ತೀರ್ಪು ಬಂತು. ಗುಟ್ಟು ಕಾಯ್ದುಕೊಂಡೇ ನ್ಯಾಯ ಕೇಳಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ಮುಂಬಯಿಯ ಆ ಒಬ್ಬ ಕೂಲಿಕಾರರು.

ಪರದೇಶದವರನ್ನಷ್ಟೇ ಬೈದರೆ ಅನ್ಯಾಯವಾದೀತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸರ್ಕಾರವೂ ಇಲ್ಲಿಗೆ ಓದಲು ಬಂದ ವಿದೇಶಿ ವಿದ್ಯಾರ್ಥಿಗಳಿಗೆ ಎಚ್‌ಐವಿ ಪರೀಕ್ಷೆ ಹೇರಿತ್ತು. ಆಫ್ರಿಕಾದ ಹುಡುಗರು ಇದು ಅವಮಾನ ಎಂದು ಪ್ರತಿಭಟಿಸಿದರು. ನಮ್ಮಲ್ಲಿ ಅಂಥ ನಿರ್ಬಂಧ ಇಲ್ಲ ಎಂದು ಭಾರತ ಅಧಿಕೃತವಾಗಿ ಸ್ಪಷ್ಟಪಡಿಸಿದ್ದು 2010ರಲ್ಲಿ.

ಸರಿ, ನಾಸಿಕ್‌ನಿಂದಲೋ ಸಂಭಾಜಿನಗರದಿಂದಲೋ ದೇವಗಿರಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಮುಂಬಯಿಯ ವೀಸಾ ಕಚೇರಿಯ ಮುಂದೆ ನಿಲ್ಲುವ ಮಕ್ಕಳೇ, ಹೊರಡುವ ಮುಂಚೆ ಆ ದೇಶದ ಸರ್ಕಾರದ ಅಧಿಕೃತ ಪುಟವನ್ನು ನೀವೇ ಓದಿ. ಏಜೆಂಟರ ಬಾಯಿಮಾತು ಬೇಡ, ನನ್ನ ಈ ಮಾತೂ ಅಷ್ಟಕ್ಕೆ ಸಾಲದು. ಸರ್ಕಾರ ಬದಲಾದರೆ ನಿಯಮ ಬದಲಾಗುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಎಚ್‌ಐವಿ ಪ್ರಶ್ನೆಯೇ ಇಲ್ಲ, ಆ ಭಯ ಬಿಡಿ. ಕೇಳಿ ತಿಳಿಯುವುದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಹೆಸರು ಹೇಳಬೇಕಿಲ್ಲ.

ಮಾತ್ರೆಯ ಲೇಬಲ್ ಕಿತ್ತು ವಿಟಮಿನ್ ಡಬ್ಬಿಗೆ ತುಂಬಿಕೊಂಡು ಹೋಗಲೇ ಎಂದು ಡೊಂಬಿವಲಿಯ ಕಾಗದದಲ್ಲಿ ಕೇಳಿದ್ದರು. ಬೇಡ. ಯಾವ ಮಾತ್ರೆ ಎಂದು ತಿಳಿಯದ ಡಬ್ಬಿಯೇ ತಪಾಸಣೆಯವರಿಗೆ ಹೆಚ್ಚು ಅನುಮಾನ. ಔಷಧಿ ಅದರ ಸ್ವಂತ ಡಬ್ಬಿಯಲ್ಲೇ ಇರಲಿ, ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋಗುವುದುಂಟು. ಔಷಧಿಯ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ, ಇತ್ತೀಚಿನ ವೈರಲ್ ಲೋಡ್ ವರದಿ ಜೊತೆಗಿರಲಿ. ಎಆರ್‌ಟಿ ಕೇಂದ್ರದ ಡಾಕ್ಟರಿಗೆ ಒಂದೆರಡು ತಿಂಗಳು ಮೊದಲೇ ಹೇಳಿ, ಹೆಚ್ಚಿನ ಮಾತ್ರೆ ಎಷ್ಟು ಕೊಡಬಲ್ಲರು ಎಂದು ಕೇಳಿ. ಗಡಿಯಾರದ ಲೆಕ್ಕವನ್ನೂ ಅಲ್ಲೇ ಕೇಳಿಕೊಳ್ಳಿ. ನಾಸಿಕ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನುಂಗುವ ಮಾತ್ರೆಗೆ ಜರ್ಮನಿಯ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆ, ಬೇಸಿಗೆಯಲ್ಲಿ ಐದೂವರೆ. ಕ್ಲಾಸು ಬಿಡುವ ಹೊತ್ತು ಅದು.