ದಂಡೆಗೆ ಬಂದ ಒಂದು ದಿನ

ರಾಣೆಬೆನ್ನೂರಿನ ಸಂತೆಯ ದಿನ ಬೆಳಗಿನ ಮೊದಲ ಬಸ್ಸಿನಿಂದ ಇಳಿಯುವವರಲ್ಲಿ ಕೆಲವರನ್ನು ನೋಡಿದೊಡನೆ ಗುರುತಿಸಬಹುದು. ತಲೆಗೆ ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲೊಂದು ಚೀಲ. ಚೀಲದಲ್ಲಿ ಇರುವುದು ಮೂರೋ ನಾಲ್ಕೋ ಮೊಬೈಲ್ ಫೋನು. ಅವು ಒಬ್ಬನವಲ್ಲ, ಹತ್ತಾರು ಮೈಲಿ ಆಚೆ ಯಾರದೋ ಹೊಲದಲ್ಲಿ ಕುರಿಗಳ ಜೊತೆ ಉಳಿದ ಬಳಗದವು. ಎಲ್ಲರ ಪರವಾಗಿ ಒಬ್ಬ ಊರಿಗೆ ಬಂದಿದ್ದಾನೆ. ಸಂಜೆಯೊಳಗೆ ಅವನು ಮರಳಬೇಕು, ಏಕೆಂದರೆ ನಾಳೆ ಬೆಳಿಗ್ಗೆ ಹಟ್ಟಿ ಅಲ್ಲಿ ಇರುವುದಿಲ್ಲ.

ಸಮುದ್ರದ ಮೇಲೆ ಬದುಕುವವರಿಗೆ ಈ ದಿನದ ಬೆಲೆ ಗೊತ್ತು. ಹಾಯಿದೋಣಿಯನ್ನೇ ಮನೆ ಮಾಡಿಕೊಂಡವರು ವಾರಗಟ್ಟಲೆ ನೀರು ನೋಡಿ, ಒಂದು ದಿನ ಬಂದರಿಗೆ ಇಳಿಯುತ್ತಾರೆ. ಕುಡಿಯುವ ನೀರು, ತರಕಾರಿ, ಹರಿದ ಹಾಯಿಗೆ ಹೊಲಿಗೆ, ಬಟ್ಟೆ ಒಗೆತ, ಮನೆಗೊಂದು ಮಾತು, ಎಲ್ಲವೂ ಅದೇ ದಿನ ಆಗಬೇಕು. ಭಾರತೀಯ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಹೊರಟು, ಭೂಮಿಯನ್ನೇ ಸುತ್ತಿ 2025ರ ಮೇ 29ರಂದು ಮರಳಿದರು. ಆ ದೋಣಿಯ ಉದ್ದ 56 ಅಡಿ. ಸುಮಾರು ಎಂಟು ತಿಂಗಳ ಆ ಯಾನದಲ್ಲಿ ಅವರು ನೆಲ ಮುಟ್ಟಿದ್ದು ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಎಂಬ ನಾಲ್ಕು ನಿಗದಿತ ಬಂದರುಗಳಲ್ಲಿ. ಹೀಗೆ ಬಹಳ ದಿನ ಅಲೆಯ ಮೇಲಿದ್ದು ಇಳಿದವರಿಗೆ ಮೊದಲ ಕೆಲವು ಗಂಟೆ ಗಟ್ಟಿ ನೆಲವೇ ತೂಗುವಂತೆ ಅನ್ನಿಸುತ್ತದೆ. ಅಲೆಗೆ ಒಗ್ಗಿದ ಮೈ ನಿಂತ ನೆಲವನ್ನು ಕೂಡಲೇ ಒಪ್ಪುವುದಿಲ್ಲ.

ಹಾವೇರಿ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ದಂಡೆಗೆ ಬರುವ ಜನ ಇಲ್ಲಿಯೂ ಇದ್ದಾರೆ.

ಸಂಚಾರಿ ಕುರಿಗಾರರ ಹಟ್ಟಿ ನೆಲದ ಮೇಲೆ ತೇಲುವ ಮನೆ. ಕುದುರೆಯ ಬೆನ್ನ ಮೇಲೆ ಪಾತ್ರೆ, ಹಾಸಿಗೆ, ಜೋಳದ ಹಿಟ್ಟಿನ ಚೀಲ, ಬಲೆಯ ಸುರುಳಿ. ನಡೆಯಲಾಗದ ಎಳೆಯ ಮರಿಗಳಿಗೂ ಅಲ್ಲಿಯೇ ಜಾಗ. ಪಡುವಣಕ್ಕೆ ಹಾನಗಲ್ಲಿನ ಕಡೆ ಭತ್ತದ ಗದ್ದೆ, ಮೂಡಣಕ್ಕೆ ರಾಣೆಬೆನ್ನೂರಿನ ಬಯಲು, ಇವೆರಡರ ನಡುವೆ ಇರುವ ಈ ಜಿಲ್ಲೆ ಅವರ ದಾರಿಯಲ್ಲಿಯೇ ಬರುತ್ತದೆ. ಹೆಚ್ಚು ಮಳೆ ಬಿದ್ದು ನೆಲ ಕೆಸರಾದರೆ ಕುರಿಯ ಗೊರಸು ಕೊಳೆಯುತ್ತದೆ. ಮಳೆ ಇಲ್ಲದಿದ್ದರೆ ಮೇವಿಲ್ಲ. ಮೋಡ ನೋಡಿ, ಸುಗ್ಗಿಯ ಲೆಕ್ಕ ಹಾಕಿ ಅವರು ದಾರಿ ಬದಲಿಸುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಕುರಿ ನಿಲ್ಲಿಸುವುದೇ ಅವರ ಲಂಗರು. ಹಿಕ್ಕಿ ಮತ್ತು ಗಂಜಲ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ರೈತ ಕೊಡುವ ಕಾಳು ಅಥವಾ ಹಣ ಕುರಿಗಾರನಿಗೆ ದುಡಿಮೆ. ಗೊಬ್ಬರದ ಅಂಗಡಿಗಳು ಬರುವುದಕ್ಕೆ ಬಹಳ ಮೊದಲಿನ ಒಪ್ಪಂದ ಇದು.

ಇಂಥವರು ಊರಿಗೆ ಬಂದ ದಿನ ಕೆಲಸ ಒಂದೆರಡಲ್ಲ. ಕುರಿಗೆ ಜಂತುಹುಳದ ಔಷಧಿ, ಹಟ್ಟಿಗೆ ಉಪ್ಪು, ಬೆಲ್ಲ, ಚಹಾಪುಡಿ, ಬ್ಯಾಟರಿ. ಫೋನಿಗೆ ಚಾರ್ಜು, ರೀಚಾರ್ಜು. ಚಪ್ಪಲಿಗೆ ಹೊಲಿಗೆ, ತಲೆಗೆ ಕ್ಷೌರ. ನಡುವೆ ಕುರಿ ಸತ್ತಿದ್ದರೆ ಸರ್ಕಾರದ ‘ಅನುಗ್ರಹ’ ಯೋಜನೆಯ ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ದಾಖಲೆ ಬೇಕು. ಊರಲ್ಲಿ ನೆಲೆ ನಿಂತವನು ‘ನಾಳೆ ಬನ್ನಿ’ ಎಂದರೆ ನಾಳೆ ಹೋಗುತ್ತಾನೆ. ನಡೆಯುವವನಿಗೆ ನಾಳೆ ಎಂದರೆ ಬೇರೆ ಊರು, ಕೆಲವೊಮ್ಮೆ ಬೇರೆ ತಾಲ್ಲೂಕು.

ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಮಾತು ಚಿಕ್ಕದು.

“ಈ ಸರ್ತಿ ಎಲ್ಲಿ ಅದಾವಪ್ಪ ಕುರಿ?”

“ಹೊಳಿ ದಂಡ್ಯಾಗ ಅದಾವ್ರೀ ಸಾವ್ಕಾರ್ರ. ಇವತ್ತೊಂದ ರಾತ್ರಿ, ಆಮ್ಯಾಲ ಮುಂದಕ್ಕ.”

“ಮಳಿ ಹೆಂಗೈತಿ ಆ ಕಡೆ?”

ಈ ಮೂರನೆಯ ಮಾತಿನಲ್ಲಿ ಅಂಗಡಿಯವನಿಗೂ ಲಾಭವಿದೆ. ಯಾವ ಊರಲ್ಲಿ ಕೆರೆ ತುಂಬಿದೆ, ಎಲ್ಲಿ ಜೋಳ ಕೈಕೊಟ್ಟಿದೆ ಎಂಬುದನ್ನು ನಡೆದು ಬಂದವನು ಕಣ್ಣಾರೆ ಕಂಡಿರುತ್ತಾನೆ. ಉಪ್ಪು ಒಯ್ಯುವವನು ಸುದ್ದಿ ಕೊಟ್ಟು ಹೋಗುತ್ತಾನೆ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿ ನೇಯ್ಗೆಗೆ ಹೆಸರಾದ ಊರು. ಡೆಕ್ಕನಿ ಕುರಿಯ ಕಪ್ಪು, ಒರಟು ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಳಿ ಮಗ್ಗದಲ್ಲಿ ನೇಯ್ದ ಕಂಬಳಿ ಚಳಿಗೂ ಆಗುತ್ತದೆ, ಕೊಪ್ಪೆ ಹಾಕಿದರೆ ಮಳೆಗೂ ಆಗುತ್ತದೆ, ಹಾಸಿದರೆ ಹಾಸಿಗೆ, ಹರವಿದರೆ ದೇವರ ಗದ್ದುಗೆ. ಕುರಿಗಾರನ ಕುರಿಯಿಂದ ಊರಿಗೆ ಹೋದ ಉಣ್ಣೆ ಕಂಬಳಿಯಾಗಿ ಮತ್ತೆ ಅವನ ಹೆಗಲಿಗೇ ಬರುತ್ತದೆ. ಈ ಸರಪಳಿ ಈಗ ಸಡಿಲಾಗಿದೆ. ಮಾಂಸಕ್ಕೆ ಬೇಡಿಕೆ ಏರಿದಂತೆ ಉಣ್ಣೆ ಕಡಿಮೆ ಇರುವ ಎಳಗ ಕುರಿಗಳು ಮಂದೆಗಳಲ್ಲಿ ಹೆಚ್ಚಿವೆ, ಉಣ್ಣೆಯ ಬೆಲೆ ಕುಸಿದಿದೆ. ಮಗ್ಗದ ಸದ್ದು ತಗ್ಗಿದರೆ ನಡೆಯುವವರಿಗೂ ನೆಲೆ ನಿಂತವರಿಗೂ ನಡುವೆ ಇದ್ದ ಒಂದು ಗಟ್ಟಿ ನೂಲು ಕಡಿದಂತೆ. ಅದು ದುಃಖದ ಸಂಗತಿ.

ಬ್ಯಾಡಗಿಯ ದಂಡೆ ಕೆಂಪು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಇಲ್ಲಿನ ಮೆಣಸಿನಕಾಯಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಗದಗ ಮಾತ್ರವಲ್ಲ, ಆಂಧ್ರದಿಂದಲೂ ಲಾರಿಗಳು ಬರುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಗುಂಡಗಿನ ಡಬ್ಬಿ, ಉದ್ದನೆಯ ಕಡ್ಡಿ, ಎರಡರ ಸುಕ್ಕು ಸಿಪ್ಪೆಯೂ ಬಣ್ಣದ ಗಣಿ. ಅದರಿಂದ ತೆಗೆದ ಓಲಿಯೋರೆಸಿನ್ ಅಡುಗೆಯಿಂದ ಹಿಡಿದು ತುಟಿಯ ಬಣ್ಣದವರೆಗೆ ಹೋಗುತ್ತದೆ. ಚೀಲದ ಮೇಲೆ ಮಲಗಿ ರಾತ್ರಿ ಕಳೆದ ರೈತನಿಗೆ ಬೆಳಿಗ್ಗೆ ಟೆಂಡರ್ ಬರೆಯುವವರೆಗೆ ಊರೆಲ್ಲ ಘಾಟು, ಎಲ್ಲರ ಗಂಟಲಲ್ಲೂ ಕೆಮ್ಮು. ಒಂದು ವರ್ಷದ ದುಡಿಮೆ ಒಂದು ದಿನದ ದರಕ್ಕೆ ಕಾಯುತ್ತದೆ. 2024ರ ಮಾರ್ಚ್‌ನಲ್ಲಿ ದರ ಏಕಾಏಕಿ ಕುಸಿದಾಗ ಇದೇ ಅಂಗಳದಲ್ಲಿ ಸಿಟ್ಟು ಬೆಂಕಿಯಾಗಿ ಹತ್ತಿಕೊಂಡಿತ್ತು. ಬಂದವನು ಬರಿಗೈಯಲ್ಲಿ ಮರಳಬೇಕಾದಾಗ ದಂಡೆಯೂ ಮುಳುಗಿಸಬಲ್ಲದು ಎಂಬುದನ್ನು ಆ ದಿನ ತೋರಿಸಿತು.

ನಿಜವಾದ ಹೊಳೆದಂಡೆಯೂ ಈ ಜಿಲ್ಲೆಗಿದೆ. ಸಾಗರದ ಸೀಮೆಯಲ್ಲಿ ಹುಟ್ಟಿದ ವರದೆ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ತುಂಗಭದ್ರೆಯದೇ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ಮುಕ್ತೇಶ್ವರ ಗುಡಿ ನಿಂತಿದೆ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಊರು ಇದೇ ಎಂದು ಜನ ನಂಬಿದ್ದಾರೆ. ಕಲ್ಯಾಣದ ಶರಣರ ಜೊತೆಗೆ ನಿಂತ ಆತನ ಕಾಯಕ ದೋಣಿ ನಡೆಸುವುದು. ಇಲ್ಲಿನ ಹರಿಗೋಲು ಬಿದಿರಿನ ಬುಟ್ಟಿಯಂತೆ ದುಂಡಗೆ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ತಾಡಪಾಲು, ಡಾಂಬರು. ಸೆಳವಿಗೆ ಸಿಕ್ಕಿ ಕೆಳಕ್ಕೆ ಬಂದ ಅಂಬಿಗ ದಂಡೆಗಿಳಿದು, ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಮತ್ತೆ ಮೇಲಕ್ಕೆ ನಡೆಯುತ್ತಾನೆ. ನೀರಿನಲ್ಲಿ ಅವನನ್ನು ಹೊತ್ತಿದ್ದನ್ನು ನೆಲದ ಮೇಲೆ ಅವನು ಹೊರುತ್ತಾನೆ.

ಗಳಗನಾಥ ಎಂದರೆ ಇನ್ನೊಬ್ಬ ನಡೆದಾಡಿದವರ ನೆನಪೂ ಬರುತ್ತದೆ. ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುವ ಅಭ್ಯಾಸವೇ ಇಲ್ಲದ ಕಾಲದಲ್ಲಿ ಅವರಿಗೆ ಒಂದು ಊಟ, ಒಂದು ರಾತ್ರಿಯ ಜಗಲಿ ಕೊಟ್ಟ ಮನೆಗಳು ಕನ್ನಡ ಕಾದಂಬರಿಯ ಬಂದರುಗಳೇ ಆಗಿದ್ದವು.

ಹಾಗಾದರೆ ಒಂದು ಊರು ಬಂದುಹೋಗುವವರಿಗೆ ಏನು ಕೊಡಬೇಕು? ಹಾವೇರಿಯ ಹಳೆಯ ಉತ್ತರ ಅರವಟ್ಟಿಗೆ, ಧರ್ಮಶಾಲೆ, ಗುಡಿಯ ಕಟ್ಟೆ. ಪಟ್ಟಣದ ಪುರಸಿದ್ಧೇಶ್ವರ ದೇವಾಲಯದ ಬಾಗಿಲು ಪಡುವಣಕ್ಕೆ ಮುಖ ಮಾಡಿದೆ. ಜಿಲ್ಲಾಸ್ಪತ್ರೆಗೋ ಕಚೇರಿಗೋ ಬಂದು ಕಾಲು ಸೋತವರು ಅಲ್ಲಿ ಸ್ವಲ್ಪ ಹೊತ್ತು ಕೂತು ಎದ್ದರೆ ಇಳಿಬಿಸಿಲು ಆ ಚಾಳುಕ್ಯರ ಕಾಲದ ಕಲ್ಲಿನ ಮೇಲೆ ಬಿದ್ದಿರುತ್ತದೆ. ಏಲಕ್ಕಿ ಹಾರಕ್ಕೆ ಹೆಸರಾದ ಈ ಊರು ಅತಿಥಿಯ ಕೊರಳಿಗೆ ಹಾರ ಹಾಕುವುದನ್ನು ಚೆನ್ನಾಗಿ ಬಲ್ಲದು. ಕಂಬಳಿ ಹೊದ್ದು ಬಂದ ಅತಿಥಿಗೆ ಬೇಕಾದದ್ದು ಇನ್ನೂ ಸರಳ: ನಲ್ಲಿಯ ನೀರು, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ, ಒಂದೇ ದಿನದಲ್ಲಿ ಮುಗಿಯುವ ಕಾಗದ.

ದಾರಿಗಳೂ ಇಕ್ಕಟ್ಟಾಗಿವೆ. ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನು ಮಂದೆ ದಾಟಿಸುವುದು ತುಂಬಿದ ಹೊಳೆ ದಾಟಿಸಿದಷ್ಟೇ ಕಷ್ಟ. ಗೋಮಾಳಗಳು ಕರಗಿವೆ. ಸಂಚಾರಿ ಕುರಿಗಾರರ ಮೇಲೆ ನಡೆಯುವ ಹಲ್ಲೆ, ಕಳವುಗಳನ್ನು ತಡೆಯಲು, ಅವರ ಕಲ್ಯಾಣ ನೋಡಲು 2025ರಲ್ಲಿ ಕರ್ನಾಟಕದ ವಿಧಾನಮಂಡಲ ಒಂದು ಪ್ರತ್ಯೇಕ ಮಸೂದೆಗೆ ಒಪ್ಪಿಗೆ ಕೊಟ್ಟಿತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಈ ಮಾತುಗಳು ಸಂತೆಯ ಕಟ್ಟೆಯವರೆಗೆ, ಪಶು ಆಸ್ಪತ್ರೆಯ ಕಿಟಕಿಯವರೆಗೆ ನಡೆದು ಬರಬೇಕಾಗಿದೆ.

ಹೊತ್ತು ಇಳಿಯುವಾಗ ಕೊನೆಯ ಬಸ್ಸಿನ ಮೆಟ್ಟಿಲ ಬಳಿ ಅದೇ ಚೀಲ ಮತ್ತೆ ಕಾಣುತ್ತದೆ. ಈಗ ಅದು ಭಾರ. ಉಪ್ಪು, ಔಷಧಿ, ಮಕ್ಕಳಿಗೆ ಕಾರ ಮಂಡಕ್ಕಿ, ಮೈ ಬಿಸಿಯಾದ ನಾಲ್ಕು ಫೋನು. ದಾರಿಯ ತಿರುವಿನಲ್ಲಿ ಇಳಿದವನು ಕತ್ತಲಲ್ಲಿ ಕಾಲುದಾರಿ ಹಿಡಿದರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಗುರುತು ಹಿಡಿದು ಸುಮ್ಮನಾಗುತ್ತದೆ. ಬಲೆಯೊಳಗೆ ಕುರಿಗಳು ಮೆಲುಕು ಹಾಕುತ್ತಿವೆ. ಒಲೆಯ ಮೇಲೆ ರೊಟ್ಟಿಯ ಹಂಚು. “ಸಂತಿ ಹೆಂಗಿತ್ತೋ?” ಎಂದು ಹಿರಿಯ ಕೇಳುತ್ತಾನೆ. ಇವನು ಫೋನುಗಳನ್ನು ಒಂದೊಂದಾಗಿ ಅವರವರ ಕೈಗೆ ಕೊಡುತ್ತಾನೆ. ಬೆಳಕು ಹರಿಯುವ ಮೊದಲೇ ಕುದುರೆಯ ಮೇಲೆ ಹೇರು ಬಿಗಿಯಬೇಕು.